ಮೊಲದ ಟ್ರೇಗೆ ಯಾವುದು ಒಳ್ಳೇದು: ತೆಂಗಿನ ನಾರಿನ ಪುಡಿಯೋ, ಮರದ ಪೆಲೆಟ್ಟೋ, ಪೇಪರೋ?

ಮೊಲದ ಹಿಕ್ಕೆ ನಾರುವುದಿಲ್ಲ. ಒಣಗಿದ ಹಿಕ್ಕೆಯನ್ನು ಬೆರಳಲ್ಲಿ ಪುಡಿ ಮಾಡಿ ಮೂಸಿದರೂ ಒಣಹುಲ್ಲಿನ ವಾಸನೆಯೇ ಬರುತ್ತದೆ. ಮನೆಯೆಲ್ಲ ಘಾಟು ಹಬ್ಬಿಸುವುದು ಉಚ್ಚೆ. ಅದೂ ಹೊಯ್ದ ಕೂಡಲೇ ಅಲ್ಲ. ಉಚ್ಚೆಯಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡಬೇಕಾದರೆ ಅವಕ್ಕೆ ಸಮಯ ಬೇಕು, ತೇವ ಬೇಕು, ಬಿಸಿ ಬೇಕು. ಮೊಲದ ಉಚ್ಚೆ ಮೊದಲೇ ಕ್ಷಾರೀಯ, ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಮೇಲಾದರೆ ಕ್ಷಾರ, ಕೆಳಗಾದರೆ ಹುಳಿ) 8ರಿಂದ 9ರ ಆಸುಪಾಸು. ಕ್ಷಾರ ಹೆಚ್ಚಿದಷ್ಟೂ ಅಮೋನಿಯಾ ಬೇಗ ಗಾಳಿಗೆ ಹಾರುತ್ತದೆ. ಹಾಗಾಗಿ ಮನೆಯಲ್ಲಿ ಮೊಲ ಉಚ್ಚೆ, ಹಿಕ್ಕೆ ಮಾಡಲೆಂದು ಇಡುವ ಟ್ರೇಗೆ ಹಾಕುವ ವಸ್ತು ಎರಡು ಕೆಲಸ ಮಾಡಬೇಕು: ಉಚ್ಚೆಯನ್ನು ಕೆಳಕ್ಕೆ ಹೀರಿಕೊಂಡು ಮೇಲ್ಭಾಗವನ್ನು ಒಣಗಿಡಬೇಕು, ಕ್ಷಾರವನ್ನು ಏರಿಸಬಾರದು. ಅಂಗಡಿಯ ಚೀಲದ ಮೇಲೆ ಬರೆದ ಸುವಾಸನೆ ಈ ಎರಡರಲ್ಲಿ ಯಾವುದನ್ನೂ ಮಾಡುವುದಿಲ್ಲ.

ನಮ್ಮ ಕಡೆ ವಾಸನೆ ಬಂದರೆ ಒಲೆ ಬೂದಿ ಎರಚುವುದು, ಸುಣ್ಣ ಉದುರಿಸುವುದು ರೂಢಿ. ಮೊಲದ ಟ್ರೇಗೆ ಎರಡೂ ಬೇಡ. ಎರಡೂ ಕ್ಷಾರವೇ. ಒದ್ದೆಯನ್ನು ಒಣಗಿಸಿದಂತೆ ಕಂಡರೂ ಒಳಗಿರುವ ಅಮೋನಿಯಾವನ್ನು ಹೊರಕ್ಕೆ ತಳ್ಳುತ್ತವೆ. ಬೂದಿ ಹಾಕಿದ ಹತ್ತು ನಿಮಿಷಕ್ಕೆ ಕಣ್ಣು ಉರಿಯುವುದು ಇದಕ್ಕೇ. ಅಡುಗೆ ಸೋಡಾ ಕೂಡ ಕ್ಷಾರದ ಕಡೆಯದೇ, ಅಮೋನಿಯಾಕ್ಕೆ ಅದು ಮದ್ದಲ್ಲ.

ಇದು ಬರೀ ನಮ್ಮ ಮೂಗಿನ ತೊಂದರೆಯೂ ಅಲ್ಲ. ಮೊಲದ ಮೂಗು ಟ್ರೇಯಿಂದ ಗೇಣುದ್ದ ಮೇಲಿರುತ್ತದೆ, ಅಷ್ಟೆ. ಅಮೋನಿಯಾ ಮೂಗಿನ ಒಳಪೊರೆಯನ್ನು ಸುಡುತ್ತಾ ಬಂದರೆ ಪಾಶ್ಚುರೆಲ್ಲಾದಂಥ ಬ್ಯಾಕ್ಟೀರಿಯಾಗಳಿಗೆ ದಾರಿಯಾಗುತ್ತದೆ: ಸೀನು, ಮೂಗು ಸೋರುವುದು, ಮುಂಗಾಲಿನ ಒಳಭಾಗದ ಕೂದಲು ಅಂಟಿಕೊಳ್ಳುವುದು. ಅದಕ್ಕೇ ಈ ಹೋಲಿಕೆಯಲ್ಲಿ ವಾಸನೆ ನೋಡಿದ್ದು ನಿಂತುಕೊಂಡಲ್ಲ. ರಾತ್ರಿಯಿಡೀ ಬಾಗಿಲು ಮುಚ್ಚಿದ್ದ ಕೋಣೆಯಲ್ಲಿ, ಬೆಳಿಗ್ಗೆ, ಟ್ರೇ ಪಕ್ಕ ಮಂಡಿಯೂರಿ, ಮೊಲದ ಮೂಗಿನ ಮಟ್ಟದಲ್ಲಿ. ನೀವೂ ಹಾಗೇ ನೋಡಿ.

ಟ್ರೇ ಎಲ್ಲಕ್ಕೂ ಒಂದೇ: 40 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, ಗೋಡೆ ಆರು ಇಂಚು ಎತ್ತರ, ಹತ್ತುವ ಬದಿಯಲ್ಲಿ ಮೂರು ಇಂಚಿಗೆ ಕತ್ತರಿಸಿದ ಪ್ಲಾಸ್ಟಿಕ್ ಟಬ್. ಎರಡು ಕೆಜಿ ತೂಕದ ಮೊಲ ದಿನಕ್ಕೆ ಸುಮಾರು ಕಾಲು ಲೀಟರ್ ಉಚ್ಚೆ ಹೊಯ್ಯುತ್ತದೆ, ಹಸಿ ಸೊಪ್ಪು ಹೆಚ್ಚಾದರೆ ಇನ್ನೂ ಜಾಸ್ತಿ. ಅಷ್ಟೂ ಹೆಚ್ಚುಕಡಿಮೆ ಒಂದೇ ಮೂಲೆಗೆ ಬೀಳುತ್ತದೆ. ಟ್ರೇ ಇಡೀ ಒಣಗಿದ್ದು ಆ ಒಂದು ಮೂಲೆ ಮಾತ್ರ ತೊಯ್ದಿರುವುದು ಸಾಮಾನ್ಯ. ವಸ್ತುವಿನ ಬೆಲೆ ಗೊತ್ತಾಗುವುದು ಆ ಮೂಲೆಯಲ್ಲೇ.

ಮೊದಲು ಬಿಟ್ಟುಬಿಡಬೇಕಾದ್ದನ್ನು ಹೇಳಿಬಿಡುತ್ತೇವೆ. ಬೆಕ್ಕಿಗೆಂದು ಮಾರುವ, ಒದ್ದೆಯಾದರೆ ಗಟ್ಟಿ ಉಂಡೆ ಕಟ್ಟುವ ಬೆಂಟೋನೈಟ್ ಮಣ್ಣು ವಾಸನೆಯನ್ನು ಚೆನ್ನಾಗಿಯೇ ಹಿಡಿಯುತ್ತದೆ. ಆದರೂ ಮೊಲಕ್ಕೆ ಹಾಕಲೇಬಾರದು. ಮೊಲ ಟ್ರೇಯಲ್ಲಿ ಕೂತು ಮೇಯುವ ಪ್ರಾಣಿ, ಕಾಲು ನೆಕ್ಕಿಕೊಳ್ಳುವ ಪ್ರಾಣಿ. ಹೊಟ್ಟೆಗೆ ಹೋದ ಮಣ್ಣು ಒಳಗೆ ಉಬ್ಬಿ ಕರುಳು ಕಟ್ಟುತ್ತದೆ, ವಾಂತಿ ಮಾಡುವ ಶಕ್ತಿ ಮೊಲಕ್ಕಿಲ್ಲ. ಜೋಳದ ದಿಂಡಿನ ಚೂರೂ ಹಾಗೇ. ಗೌರಿಬಿದನೂರು ಕಡೆ ಮುಸುಕಿನ ಜೋಳದ ದಿಂಡು ರಾಶಿ ರಾಶಿ ಸಿಗುತ್ತದೆಂದು ಪುಡಿ ಮಾಡಿ ಹಾಕಬೇಡಿ, ಅದನ್ನು ಮೊಲ ಇಷ್ಟಪಟ್ಟು ನುಂಗುತ್ತದೆ. ಪಾವಗಡ, ಶಿರಾ ಕಡೆಯ ಕಡಲೆಕಾಯಿ ಸಿಪ್ಪೆ ಹಗುರ, ಅಗ್ಗ, ಹೀರುವ ಗುಣವೂ ತಕ್ಕಮಟ್ಟಿಗೆ ಇದೆ. ಆದರೆ ತೇವ ತಾಕಿದ ಸಿಪ್ಪೆಯ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದನ್ನು ತಡೆಯಲಾರದ ಪ್ರಾಣಿಗಳಲ್ಲಿ ಮೊಲ ಮುಂದಿನ ಸಾಲಿನದು. ಭತ್ತದ ಹೊಟ್ಟಿನಿಂದ ಅಂಥ ಅಪಾಯವಿಲ್ಲ, ಪ್ರಯೋಜನವೂ ಇಲ್ಲ. ಅದರ ಮೇಲ್ಮೈ ಗಾಜಿನಷ್ಟು ಗಡುಸು, ನೀರು ಜಾರಿ ತಳಕ್ಕೆ ಹೋಗಿ ನಿಲ್ಲುತ್ತದೆ. ಕೋಳಿ ಸಾಕುವವರಿಗೆ ಅದು ಆಗುತ್ತದೆ, ಒಂದೇ ಮೂಲೆಗೆ ಕಾಲು ಲೀಟರ್ ಸುರಿಯುವ ಮೊಲಕ್ಕೆ ಆಗದು.

ಈ ಹೀರುವ ಗುಣವನ್ನು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಜರಡಿಯಲ್ಲಿ 100 ಗ್ರಾಂ ವಸ್ತು ಹಾಕಿ, ಕೆಳಗೆ ಪಾತ್ರೆ ಇಟ್ಟು, ಒಂದೇ ಜಾಗಕ್ಕೆ 200 ಮಿ.ಲೀ. ನೀರು ನಿಧಾನಕ್ಕೆ ಸುರಿಯಿರಿ. ಐದು ನಿಮಿಷ ಬಿಟ್ಟು ಪಾತ್ರೆಗೆ ಇಳಿದದ್ದನ್ನು ಅಳೆಯಿರಿ. ಭತ್ತದ ಹೊಟ್ಟಿನಿಂದ ಬಹುಪಾಲು ನೀರು ಇಳಿದುಬಿಡುತ್ತದೆ. ನಾರಿನ ಪುಡಿಯಿಂದ ಕೆಲವು ಹನಿ ಮಾತ್ರ.

ಇನ್ನು ಪೇಪರ್. ಮನೆಗೆ ಬರುವ ದಿನಪತ್ರಿಕೆಯಾದರೆ ಪುಕ್ಕಟೆ, ಹಳೇ ಪೇಪರ್ ಅಂಗಡಿಯಿಂದ ಕೊಂಡರೆ ಪುಕ್ಕಟೆಯಲ್ಲ. ಕಾಲು ಲೀಟರ್ ಹಿಡಿಯಲು ದೊಡ್ಡ ಹಾಳೆ ಹತ್ತಾದರೂ ಬೇಕು, ಅಂದರೆ ದಿನಕ್ಕೆ 170 ಗ್ರಾಂ, ತಿಂಗಳಿಗೆ ಐದು ಕೆಜಿ. ಹಾಳೆಯನ್ನು ಹಾಗೇ ಹಾಸಿದರೆ ನೀರು ಮೇಲೇ ಹರಿದು ಕಾಲು ತೊಯ್ಯುತ್ತದೆ. ಬೆರಳಗಲ ಪಟ್ಟಿಗಳಾಗಿ ಹರಿದು ಸಡಿಲವಾಗಿ ತುಂಬಬೇಕು. ಹೊಳಪು ಕಾಗದದ ಪುರವಣಿ, ಜಾಹೀರಾತು ಹಾಳೆ ಹೀರುವುದಿಲ್ಲ, ತೆಗೆದಿಡಿ. ಪೇಪರ್ ನೀರು ಹಿಡಿಯುತ್ತದೆ ಹೊರತು ವಾಸನೆ ಹಿಡಿಯುವುದಿಲ್ಲ. ದಿನಾ ಬದಲಾಯಿಸಿದರೆ ಸರಿ, ಒಂದು ದಿನ ಬಿಟ್ಟರೆ ಮಾರನೇ ಬೆಳಿಗ್ಗೆ ಘಾಟು. ಹಾಗಿದ್ದೂ ಪೇಪರನ್ನು ನಾವು ಪೂರ್ತಿ ಕೈಬಿಡುವುದಿಲ್ಲ, ಉಚ್ಚೆಯ ಬಣ್ಣ ನಿಚ್ಚಳವಾಗಿ ಕಾಣುವುದು ಇದೊಂದರಲ್ಲೇ. ಮೊಲದ ಉಚ್ಚೆಯಲ್ಲಿ ಸುಣ್ಣದ ಅಂಶವಿರುವುದರಿಂದ ಸ್ವಲ್ಪ ಮಬ್ಬಾಗಿ, ಬಿಳಿಯಾಗಿ ಇರುವುದು ಸಹಜ. ತಿಂದ ಸೊಪ್ಪಿನ ಮೇಲೆ ಕೆಂಪು, ಕಿತ್ತಳೆ ಬಣ್ಣಕ್ಕೂ ತಿರುಗುತ್ತದೆ. ಆದರೆ ಪೇಸ್ಟಿನಂತೆ ಗಟ್ಟಿ ಬಿಳಿ ಕೆಸರು ಬಿದ್ದರೆ, ಅಲ್ಲಲ್ಲಿ ರಕ್ತದ ಚುಕ್ಕೆ ಕಂಡರೆ ವೈದ್ಯರಿಗೆ ತೋರಿಸಬೇಕು. ಮೊಲ ಮಂಕಾದ ದಿನ ಟ್ರೇಗೆ ಪೇಪರ್ ಹಾಕಿ ನೋಡಿ.

ಸಾಮಿಲ್ಲಿನ ಮರದ ಪುಡಿ ಎಲ್ಲ ಊರಲ್ಲೂ ಸಿಗುತ್ತದೆ, ಚೀಲದ ಬೆಲೆ ಬಹಳ ಕಡಿಮೆ. ಹೀರುವುದೂ ಚೆನ್ನ. ತೊಂದರೆ ಇರುವುದು ಅದರ ನುಣುಪಿನಲ್ಲಿ. ಮೊಲ ಒಮ್ಮೆ ಕೆರೆದರೆ ಧೂಳು ಏಳುತ್ತದೆ, ಅದು ನೇರ ಮೂಗಿಗೆ. ಇನ್ನೊಂದು, ಸಾಮಿಲ್ಲಿನವರಿಗೇ ಆ ರಾಶಿಯಲ್ಲಿ ಏನೇನಿದೆ ಎಂದು ಹೇಳಲಾಗುವುದಿಲ್ಲ: ನೀಲಗಿರಿ ಇರುತ್ತದೆ, ತೇಗ ಇರುತ್ತದೆ, ಪಕ್ಕದ ಪೀಠೋಪಕರಣ ಶೆಡ್ಡಿನ ಪ್ಲೈವುಡ್ ಪುಡಿಯೂ ಸೇರಿರುತ್ತದೆ. ಪ್ಲೈವುಡ್ಡಿನ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಎಂಬ ವಿಷ ಇದೆ. ಬಡಗಿ ಮರ ನುಣುಪು ಮಾಡುವಾಗ ಬೀಳುವ ಸುರುಳಿ ಸಿಪ್ಪೆಯಲ್ಲಿ ಧೂಳು ಕಡಿಮೆ, ಆದರೆ ಪೈನ್, ದೇವದಾರು ಸಿಪ್ಪೆ ಹಸಿಯಾಗಿದ್ದರೆ ಅದರ ಕಟು ಪರಿಮಳದ ಫೀನಾಲ್‌ಗಳು ಯಕೃತ್ತಿಗೆ ಹೊರೆ. ಮೂಸಿದಾಗ ಮರ ಘಮ್ಮೆಂದರೆ ಅದು ಮೊಲಕ್ಕಲ್ಲ.

ಅದೇ ಪುಡಿಯನ್ನು ಬಿಸಿಯಲ್ಲಿ ಒತ್ತಿ ಮಾಡಿದ ಪೆಲೆಟ್ ಬೇರೆಯೇ ಜಾತಿ. ಒತ್ತುವ ಮೊದಲು ಒಣಗಿಸಿರುತ್ತಾರೆ, ಒತ್ತುವಾಗ ಬಿಸಿ ಏರುತ್ತದೆ, ಹಾಗಾಗಿ ಪರಿಮಳದ ಎಣ್ಣೆಯಲ್ಲಿ ಬಹುಪಾಲು ಹೋಗಿರುತ್ತದೆ. ಧೂಳಿಲ್ಲ, ತನ್ನ ತೂಕದ ಎರಡು ಪಟ್ಟಿಗಿಂತ ಹೆಚ್ಚು ನೀರು ಕುಡಿಯುತ್ತದೆ, ಕುಡಿದದ್ದು ಪುಡಿಯಾಗಿ ತಳಕ್ಕೆ ಇಳಿಯುತ್ತದೆ, ಒಣ ಕಾಳುಗಳು ಮೇಲೆ ಉಳಿಯುತ್ತವೆ. ಸಾಕುಪ್ರಾಣಿ ಅಂಗಡಿಯ ಪೊಟ್ಟಣ ಕೈಗೆಟಕುವುದಿಲ್ಲ. ಬಾಯ್ಲರ್ ಉರುವಲಿಗೆಂದು 25 ಕೆಜಿ ಚೀಲದಲ್ಲಿ ಮಾರುವ ಪೆಲೆಟ್ ಕೆಜಿಗೆ 10–15 ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಆದರೆ ಉರುವಲು ಪೆಲೆಟ್ಟಿನಲ್ಲಿ ಕಡಲೆಕಾಯಿ ಸಿಪ್ಪೆ, ಪೀಠೋಪಕರಣದ ಕಸ ಸೇರಿರಬಹುದು. ತಿಳಿ ಕಂದು ಬಣ್ಣದ, ಬರೀ ಮರದ ಪುಡಿಯದನ್ನೇ ಕೇಳಿ, ಚೀಲ ಕೊಳ್ಳುವ ಮೊದಲು ಒಂದು ಹಿಡಿ ತಂದು ಬಿಸಿನೀರಿನ ಲೋಟಕ್ಕೆ ಹಾಕಿ. ಹದಿನೈದು ನಿಮಿಷದಲ್ಲಿ ಅರಳಿ ಮೆತ್ತಗಿನ ಪುಡಿಯಾದರೆ, ನೀರಿನ ಮೇಲೆ ಎಣ್ಣೆಯ ಪದರವಿಲ್ಲದಿದ್ದರೆ, ಅಂಟಿನದೋ ಬಣ್ಣದ್ದೋ ವಾಸನೆ ಬರದಿದ್ದರೆ ತನ್ನಿ. ಟ್ರೇಗೆ ಒಂದು ಕೆಜಿ ಹಾಕಿದರೆ ಅರ್ಧ ಇಂಚು ದಪ್ಪ ಬರುತ್ತದೆ. ಅಷ್ಟು ಸಾಕು, ನೆನೆದಾಗ ಮೂರು ಪಟ್ಟು ಉಬ್ಬುತ್ತದೆ. ಲೆಕ್ಕದಲ್ಲಿ ವಾರ ಬರಬೇಕಾದ್ದು, ಒಂದೇ ಮೂಲೆ ತೊಯ್ಯುವುದರಿಂದ ಮೂರು ದಿನಕ್ಕೆ ಬದಲಾಯಿಸಬೇಕು. ತಿಂಗಳಿಗೆ ಹತ್ತು ಕೆಜಿ ಆಯಿತು.

ತುಮಕೂರು ಸೀಮೆಯವರಿಗೆ ಇದಕ್ಕಿಂತ ಒಳ್ಳೆಯದು ಮನೆ ಬಾಗಿಲಲ್ಲೇ ಇದೆ. ತಿಪಟೂರು, ತುರುವೇಕೆರೆ, ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆ ತೆಂಗಿನಕಾಯಿ ಮಟ್ಟೆಯಿಂದ ನಾರು ಬಿಡಿಸುವ ಘಟಕಗಳ ಹಿಂದೆ ಗುಡ್ಡೆ ಬಿದ್ದಿರುವ ನಾರಿನ ಕಂದು ಪುಡಿ, ಅಂಗಡಿಯಲ್ಲಿ ಕೋಕೋಪೀಟ್ ಎಂದು ಬ್ಲಾಕ್ ಮಾಡಿ ಮಾರುವುದು ಅದನ್ನೇ. ಇದು ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಇದರ ಗುಣ ಸ್ವಲ್ಪ ಹುಳಿ, ಪಿಎಚ್ ಸಾಮಾನ್ಯವಾಗಿ 5.5ರಿಂದ 6.5. ಅಮೋನಿಯಾ ಹಾರಿಹೋಗದೆ ಪುಡಿಯಲ್ಲೇ ಅಮೋನಿಯಂ ಎಂಬ, ಗಾಳಿಗೆ ಹಾರದ ರೂಪದಲ್ಲಿ ಕೂರುತ್ತದೆ. ಮಂಡಿಯೂರಿ ಮೂಸಿದಾಗ ಉಳಿದೆಲ್ಲಕ್ಕಿಂತ ಇದು ಮುಂದೆ ನಿಂತದ್ದು ಈ ಕಾರಣಕ್ಕೆ. ಮೂರನೇ ದಿನವೂ ತೊಯ್ದ ಮೂಲೆಯಿಂದ ಬಂದದ್ದು ಒದ್ದೆ ಮಣ್ಣಿನ ವಾಸನೆ, ಕಣ್ಣಿಗೆ ತಾಕುವ ಘಾಟಲ್ಲ.

ಗುಡ್ಡೆಯಿಂದ ತರುವಾಗ ಮೇಲಿನ ಮಳೆ ನೆನೆದ ಪದರ ಬೇಡ, ಅದರಲ್ಲಿ ಬೂಸ್ಟು, ಮಣ್ಣು, ಹುಳ ಇರುತ್ತದೆ. ಹೊಸದಾಗಿ ಬಿದ್ದದ್ದನ್ನು ಚೀಲಕ್ಕೆ ತುಂಬಿ ತಂದು, ಕಾಳು ಜರಡಿ ಹಿಡಿದು, ಉದ್ದ ನಾರನ್ನು ಬೇರೆ ತೆಗೆಯಿರಿ. ಮೊಲ ನಾರು ನುಂಗಿದರೆ ಹೊಟ್ಟೆಯಲ್ಲಿ ಕೂದಲಿನ ಜೊತೆ ಸುತ್ತಿಕೊಳ್ಳುತ್ತದೆ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ನರ್ಸರಿಯ ಐದು ಕೆಜಿ ಬ್ಲಾಕೇ ದಾರಿ, 200–300 ರೂಪಾಯಿ. ಇಲ್ಲಿ ಒಂದು ಎಚ್ಚರ: ಗಿಡಕ್ಕೆ ಮಾಡುವಂತೆ ಇಪ್ಪತ್ತು ಲೀಟರ್ ನೀರು ಸುರಿದು ಅರಳಿಸಿದರೆ ಅದು ಆಗಲೇ ಹೊಟ್ಟೆ ತುಂಬಿಸಿಕೊಂಡಿರುತ್ತದೆ, ಉಚ್ಚೆಗೆ ಜಾಗವಿರುವುದಿಲ್ಲ. ಐದಾರು ಲೀಟರ್ ಮಾತ್ರ ಚಿಮುಕಿಸಿ, ಸಡಿಲವಾದಷ್ಟನ್ನೂ ಕೈಯಲ್ಲಿ ಬಿಡಿಸಿ, ತಾರಸಿಯ ಮೇಲೆ ಟಾರ್ಪಾಲಿನಲ್ಲಿ ತೆಳ್ಳಗೆ ಹರವಿ ಬಿಸಿಲಿಗೆ ಎರಡು ಮೂರು ದಿನ ಒಣಗಿಸಿ. ಹದ ನೋಡುವುದು ಸುಲಭ: ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬಾರದು, ಕೈ ಬಿಟ್ಟರೆ ಧೂಳೂ ಏಳಬಾರದು. ತೀರಾ ಒಣಗಿ ಧೂಳಾಗಿದ್ದರೆ ಒಂದು ಹಿಡಿ ನೀರು ಚಿಮುಕಿಸಿ ಕಲಸಿದರೆ ಸರಿಹೋಗುತ್ತದೆ. ಟ್ರೇಗೆ ಎರಡು ಇಂಚು ದಪ್ಪ, ಅಂದರೆ ಆರು ಲೀಟರ್. ಒಂದು ಬ್ಲಾಕಿನಿಂದ ಹತ್ತು ಸಲ ತುಂಬಬಹುದು. ತೊಯ್ದ ಮೂಲೆಯನ್ನು ದಿನಾ ಒಂದು ಸೌಟು ತೆಗೆಯುತ್ತಿದ್ದರೆ ಒಮ್ಮೆ ತುಂಬಿದ್ದು ನಾಲ್ಕೈದು ದಿನ ಬರುತ್ತದೆ, ಬ್ಲಾಕ್ ತಿಂಗಳು ದಾಟುತ್ತದೆ.

ನಾರಿನ ಪುಡಿಯ ಕೊರತೆಯೂ ಇದೆ. ತುಪ್ಪಳಕ್ಕೆ ಅಂಟಿಕೊಂಡು ಮನೆಯೆಲ್ಲ ಓಡಾಡುತ್ತದೆ, ಬಿಳಿ ಮೊಲದ ಪಾದ ಕಂದಾಗುತ್ತದೆ. ಅದಕ್ಕೆ ಪುಡಿಯ ಮೇಲೆ ಜಾಳಿಗೆ ಬೇಕೇ ಬೇಕು. ಕೋಲಾರದ ಎಪಿಎಂಸಿ ಸುತ್ತಮುತ್ತ ಒಡೆದ ಟೊಮೆಟೊ ಕ್ರೇಟ್ ಸಿಗುತ್ತದಲ್ಲ, ಅದರ ತಳವನ್ನು ಟ್ರೇಯ ಅಳತೆಗೆ ಗರಗಸದಲ್ಲಿ ಕತ್ತರಿಸಿ, ಅಂಚು ಉಜ್ಜಿ, ಪುಡಿಯ ಮೇಲೆ ಕೂರಿಸಿ. ತೂತು ಅರ್ಧ ಇಂಚಿಗಿಂತ ದೊಡ್ಡದಿದ್ದರೆ ಬೆರಳು ಸಿಕ್ಕಿಕೊಳ್ಳುತ್ತದೆ, ಅಂಥದ್ದು ಬೇಡ. ತಂತಿ ಜಾಲರಿ ಮಾತ್ರ ಬೇಡವೇ ಬೇಡ. ಮೊಲದ ಪಾದಕ್ಕೆ ನಾಯಿ ಬೆಕ್ಕಿನಂತೆ ಮೆತ್ತೆ ಇಲ್ಲ, ಬರೀ ಕೂದಲು. ತಂತಿಯ ಮೇಲೆ ಕೂತೂ ಕೂತೂ ಹಿಮ್ಮಡಿ ಹುಣ್ಣಾಗುತ್ತದೆ. ಪ್ಲಾಸ್ಟಿಕ್ ಜಾಳಿಗೆಯ ಮೇಲೂ ಒಂದು ಹಿಡಿ ರಾಗಿ ಹುಲ್ಲು ಹರಡಿ.

ರಾಗಿ ಹುಲ್ಲು ಹೀರುವ ವಸ್ತುವಲ್ಲ, ಒಂಟಿಯಾಗಿ ಹಾಕಿದರೆ ಎರಡೇ ದಿನಕ್ಕೆ ಕೊಳೆತು ನಾರುತ್ತದೆ. ಅದರ ಕೆಲಸ ಬೇರೆ. ಮೇಯುತ್ತಾ ಹಿಕ್ಕೆ ಹಾಕುವುದು ಮೊಲದ ಸ್ವಭಾವ. ಟ್ರೇಯ ಒಂದು ತುದಿಯಲ್ಲಿ ಒಳ್ಳೇ ಹುಲ್ಲು ಇಟ್ಟರೆ ತಾನಾಗಿ ಅಲ್ಲಿಗೇ ಬಂದು ಕೂರುತ್ತದೆ, ಕಲಿಸುವ ಅರ್ಧ ಕೆಲಸ ಮುಗಿಯಿತು. ಬಣವೆಯ ಒಳಗಿನ, ಹಸಿರು ಮಾಸದ ಹುಲ್ಲು ಹಿರಿದುಕೊಳ್ಳಿ. ತಳದ ಕಪ್ಪು ಹುಲ್ಲು, ಕೊಡವಿದರೆ ಬಿಳಿ ಪುಡಿ ಉದುರುವ ಹುಲ್ಲು ಬೇಡ.

ಮಳೆಗಾಲದಲ್ಲಿ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಳೆ ಜೋರು. ಆಗ ನಾರಿನ ಪುಡಿ ಗಾಳಿಯ ತೇವವನ್ನೇ ಕುಡಿದು ಕೂರುತ್ತದೆ, ಒಣಗಿಸಲು ಬಿಸಿಲೂ ಇರುವುದಿಲ್ಲ. ಆ ಎರಡು ತಿಂಗಳಿಗೆ ಪೆಲೆಟ್ಟೇ ಮೇಲು. ಅದು ಸಿಗದಿದ್ದರೆ ಬೇಸಿಗೆಯಲ್ಲೇ ಒಣಗಿಸಿದ ಪುಡಿಯನ್ನು ಗೊಬ್ಬರದ ಖಾಲಿ ಚೀಲಕ್ಕಲ್ಲ, ಹೊಸ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿದು ಇಟ್ಟಿರಬೇಕು.

ಟ್ರೇ ತೊಳೆಯುವಾಗ ತಳದಲ್ಲಿ ಬಿಳಿ ಹಕ್ಕಳೆ ಕಟ್ಟಿರುತ್ತದೆ, ಉಚ್ಚೆಯ ಸುಣ್ಣ ಅದು. ಸೋಪಿಗೆ ಜಪ್ಪಯ್ಯ ಅನ್ನುವುದಿಲ್ಲ, ಹಳೇ ವಾಸನೆ ಉಳಿಯುವುದೂ ಅದರಲ್ಲೇ. ಅಡುಗೆಯ ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ನೆನೆಬಿಟ್ಟು ಉಜ್ಜಿದರೆ ಕರಗುತ್ತದೆ. ಬ್ಲೀಚಿಂಗ್ ಪುಡಿಯನ್ನು ಉಚ್ಚೆಯ ಮೇಲೆ ಹಾಕಲೇಬೇಡಿ, ಅಮೋನಿಯಾದೊಂದಿಗೆ ಸೇರಿ ಉಸಿರು ಕಟ್ಟಿಸುವ ಅನಿಲ ಏಳುತ್ತದೆ. ಫಿನೈಲ್ ಕೂಡ ಮೊಲವಿರುವ ಕಡೆ ಬೇಡ.

ತೆಗೆದ ಪುಡಿಯನ್ನು ಕಸದ ಗಾಡಿಗೆ ಕೊಡಬೇಕಿಲ್ಲ. ಮೊಲದ ಹಿಕ್ಕೆಯನ್ನು ಕೊಳೆಸದೇ ಗಿಡದ ಬುಡಕ್ಕೆ ಹಾಕಬಹುದು. ಉಚ್ಚೆ ಹೀರಿದ ನಾರಿನ ಪುಡಿ ಮಾತ್ರ ಗಿಡಕ್ಕೆ ತೀಕ್ಷ್ಣ, ಒಂದು ತಿಂಗಳು ಗುಂಡಿಯಲ್ಲಿ ಬಿಟ್ಟು ಕರಿಬೇವು, ದಾಸವಾಳಕ್ಕೆ ಹಾಕಿ. ಪೆಲೆಟ್ಟಿನ ಪುಡಿ ಹಸಿಯಾಗಿ ಹಾಕಿದರೆ ಮಣ್ಣಿನ ಸಾರಜನಕವನ್ನು ತಾನೇ ತಿಂದು ಗಿಡ ಹಳದಿಯಾಗುತ್ತದೆ, ಅದನ್ನು ನಾಲ್ಕೈದು ತಿಂಗಳು ಕೊಳೆಸಬೇಕು.

ಇಷ್ಟೆಲ್ಲ ಮಾಡಿಯೂ ಕಟು ವಾಸನೆ ಹೋಗದಿದ್ದರೆ, ಮೊಲ ಗಂಡಾಗಿದ್ದು ನಾಲ್ಕೈದು ತಿಂಗಳು ದಾಟಿದ್ದರೆ, ಟ್ರೇಯನ್ನು ಬಿಟ್ಟು ಗೋಡೆಯ ಬುಡ, ಪರದೆಯ ಅಂಚು ನೋಡಿ. ಬೆಳೆದ ಗಂಡು ತನ್ನ ಜಾಗ ಗುರುತಿಸಲು ಉಚ್ಚೆ ಚಿಮ್ಮಿಸುತ್ತದೆ. ಅದಕ್ಕೆ ಯಾವ ಪುಡಿಯೂ ಉತ್ತರವಲ್ಲ. ಮೊಲದ ಶಸ್ತ್ರಚಿಕಿತ್ಸೆ ಮಾಡಿ ಅನುಭವವಿರುವ ಪಶುವೈದ್ಯರನ್ನು ಹುಡುಕಿ ಬೀಜ ತೆಗೆಸಿ. ಹಾರ್ಮೋನು ಇಳಿಯಲು ಕೆಲವು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಗೋಡೆಯನ್ನು ಅದೇ ವಿನಿಗರ್ ನೀರಿನಿಂದ ಒರೆಸುತ್ತಿರಿ.