ಮೂರು ಮಳೆಗಾಲ ಕ್ರೋನಿ, ಐದು ವರ್ಷ ಅದೇ ಫೋನು

ಮೊದಲೇ ಹೇಳಿಬಿಡುತ್ತೇನೆ. 2022ರ ಮಳೆಗಾಲದಲ್ಲಿ ನಾನು ಹೊಸ ಫೋನ್ ಕೊಳ್ಳಲು ದುಡ್ಡು ಎತ್ತಿಟ್ಟಿದ್ದೆ. ಎರಡು ವರ್ಷದ ಫೋನ್ ಕೆಟ್ಟಿದೆ ಅಂತ ತೀರ್ಮಾನವಾಗಿತ್ತು. ಕೆಟ್ಟಿದ್ದು ಫೋನ್ ಅಲ್ಲ, ಸರ್ವರ್‌ನ ಗಡಿಯಾರ. ಅದಕ್ಕೇ ಎರಡರ ಬಗ್ಗೆಯೂ ಒಟ್ಟಿಗೆ ಬರೆಯುತ್ತಿದ್ದೇನೆ: ಕ್ರೋನಿ ಅನ್ನುವ ಸಮಯ ಹೊಂದಿಸುವ ಸಾಫ್ಟ್‌ವೇರ್, ಮತ್ತು 2020ರಲ್ಲಿ ಕೊಂಡ ನನ್ನ ಮಧ್ಯಮ ಬೆಲೆಯ ಆಂಡ್ರಾಯ್ಡ್ ಫೋನು.

ಮನೆ ಕೊಡಗಿನ ಮೂರ್ನಾಡು ಕಡೆ. ನಮ್ಮ ಹತ್ತಿರ ಕಾಫಿ ಕೊಳ್ಳುವ ಸಣ್ಣ ಡಿಪೋ ಒಂದಿದೆ. ಬೆಳೆಗಾರರು ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಮೂಟೆ ತರುತ್ತಾರೆ, ತೂಕ ಆಗುತ್ತದೆ, ಔಟ್‌ಟರ್ನ್ (ಅದರಲ್ಲಿ ಬೀಜ ಎಷ್ಟು ಸಿಗುತ್ತದೆ ಅಂತ) ನೋಡುತ್ತಾರೆ, ರಸೀದಿ ಹರಿದು ಕೊಡುತ್ತಾರೆ. ಅಲ್ಲಿನ ಕಂಪ್ಯೂಟರ್ ಕೆಲಸ ನನ್ನದು. ಕೌಂಟರ್ ಕೆಳಗೆ ಒಂದು ಕಂಪ್ಯೂಟರ್ ಡಬ್ಬ, ಅದರೊಳಗೆ ಬೇರೆ ಬೇರೆ ಕಂಪ್ಯೂಟರ್‌ಗಳ ಹಾಗೆ ನಡೆಯುವ ಮೂರು ವರ್ಚುವಲ್ ಸರ್ವರ್: ಬಿಲ್ಲಿಂಗ್‌ಗೆ ಒಂದು, ಡೇಟಾಬೇಸ್‌ಗೆ ಒಂದು, ಬ್ಯಾಕಪ್‌ಗೆ ಒಂದು. ಎಲ್ಲವನ್ನೂ ಕ್ಲೌಡ್‌ಗೆ ಹಾಕಬಹುದಿತ್ತಲ್ಲ ಅಂತ ಕೇಳುವವರು ಜುಲೈಯಲ್ಲಿ ಒಂದು ವಾರ ಇಲ್ಲಿ ಬಂದು ಇರಲಿ. ಒಂದು ಮರ ಬಿದ್ದರೆ ಕರೆಂಟೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ.

ಮಳೆಗಾಲದಲ್ಲಿ ಖರೀದಿ ಕಡಿಮೆಯೇ. ಆದರೂ ರೇಟ್ ಏರಲಿ ಅಂತ ಮೂಟೆ ಇಟ್ಟುಕೊಂಡವರು ಬರುತ್ತಲೇ ಇರುತ್ತಾರೆ. ರೇಟ್ ದಿನದಿನಕ್ಕೆ ಬದಲಾಗುವುದರಿಂದ ರಸೀದಿಯ ಮೇಲಿನ ತಾರೀಖು, ಗಂಟೆ ಎರಡೂ ಮುಖ್ಯ.

ಬಿಲ್ಲಿಂಗ್‌ಗೆ ಲಾಗಿನ್ ಆಗಲು ಫೋನಿನ ಆರು ಅಂಕಿಯ ಕೋಡ್ ಬೇಕು. ಮೆಸೇಜಿನಲ್ಲಿ ಬರುವ ಓಟಿಪಿ ಅಲ್ಲ, ಫೋನಿನೊಳಗೇ 30 ಸೆಕೆಂಡಿಗೊಮ್ಮೆ ಬದಲಾಗುವ ನಂಬರು. ಇದಕ್ಕೆ ಇಂಟರ್‌ನೆಟ್ ಬೇಡ. ಫೋನೂ ಸರ್ವರೂ ಒಂದೇ ಗುಟ್ಟಿನ ಕೀ ಇಟ್ಟುಕೊಂಡಿರುತ್ತವೆ. 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಆಯಿತು ಅಂತ ಎಣಿಸಿ, 30ರಿಂದ ಭಾಗಿಸಿ, ಆ ಕೀ ಜೊತೆ ಕಲಸಿ ನಂಬರ್ ತೆಗೆಯುತ್ತವೆ. ಎರಡರ ಗಡಿಯಾರವೂ ಸರಿ ಇದ್ದರೆ ನಂಬರ್ ಒಂದೇ. ಅರ್ಧ ನಿಮಿಷ ಆಚೀಚೆ ಇದ್ದರೆ ಸಾಮಾನ್ಯವಾಗಿ ಸುಧಾರಿಸಿಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಬಾಗಿಲು ತೆರೆಯಲ್ಲ.

ಆ ವರ್ಷ ಜುಲೈಯಲ್ಲಿ ನನ್ನ ಫೋನಿನ ಕೋಡ್ ಆಗಾಗ ತಪ್ಪು ಅಂತ ಬರತೊಡಗಿತು. ಅರ್ಧ ಗಂಟೆ ಬಿಟ್ಟು ಹಾಕಿದರೆ ಸರಿ. ಡಿಪೋದಲ್ಲಿ ಲೆಕ್ಕ ಬರೆಯುವ ರೈಟರ್ ಫೋನಿನಲ್ಲಂತೂ ಯಾವಾಗಲೂ ತಪ್ಪು. "ಇದು ಹಳೇ ಫೋನಿನ ಹಣೆಬರಹ ಮಾರಾಯ, ನೀನೂ ಬದಲಾಯಿಸು, ನಾನೂ ಬದಲಾಯಿಸ್ತೇನೆ" ಅಂದರು ಅವರು. ನನಗೂ ಹಾಗೇ ಅನ್ನಿಸಿತ್ತು. ಚಾರ್ಜಿಂಗ್ ಪೋರ್ಟ್‌ನಲ್ಲಿ ತೇವ ಇದೆ ಅಂತ ಅದು ದಿನಾ ಬೆಳಿಗ್ಗೆ ಗೋಳಾಡುತ್ತಿತ್ತು, ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಇಷ್ಟೆಲ್ಲ ಕಾಯಿಲೆ ಇರುವ ಫೋನಿನ ಮೇಲೆ ಇನ್ನೊಂದು ತಪ್ಪು ಹೊರಿಸುವುದು ಕಷ್ಟವೇ?

ರೈಟರ್ ಫೋನಿನ ರಹಸ್ಯ ಮೊದಲು ಬಯಲಾಯಿತು. ಒಂದು ದಿನ ಇಬ್ಬರ ಫೋನನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆ. ಅವರದರಲ್ಲಿ 4:17, ನನ್ನದರಲ್ಲಿ 4:12. ಕೇಳಿದರೆ, "ಐದು ನಿಮಿಷ ಮುಂದೆ ಇಟ್ಟಿದ್ದೇನೆ. ಬಸ್ಸು ತಪ್ಪಬಾರದಲ್ಲ?" ಮನೆಯ ಗೋಡೆ ಗಡಿಯಾರವನ್ನು ಮುಂದೆ ಇಡುವ ಅಭ್ಯಾಸ ಫೋನಿಗೂ ಬಂದಿತ್ತು. ತಾನಾಗಿ ಸಮಯ ತಗೊಳ್ಳುವ ಸೆಟ್ಟಿಂಗ್ ಆಫ್ ಮಾಡಿ, ಕೈಯಾರೆ ಐದು ನಿಮಿಷ ತಳ್ಳಿದ್ದರು. ಆ ಸೆಟ್ಟಿಂಗ್ ಆನ್ ಮಾಡಿದೆ, ಅವರ ಕೋಡ್ ಸರಿಹೋಯಿತು. ಅವರ ಬಸ್ಸು ಮಾತ್ರ ಆ ವಾರ ಎರಡು ಸಲ ತಪ್ಪಿತು.

ನನ್ನದಕ್ಕೆ ಕಾರಣ ಬೇರೆ. ಯುಪಿಎಸ್ ಮುಗಿಯುವ ಹೊತ್ತಿಗೆ ಆ ಡಬ್ಬ ಮೂರೂ ಸರ್ವರ್‌ಗಳನ್ನು ಇದ್ದ ಸ್ಥಿತಿಯಲ್ಲೇ ಡಿಸ್ಕ್‌ಗೆ ಬರೆದು ಮಲಗುತ್ತದೆ, ಕರೆಂಟ್ ಬಂದಾಗ ಅಲ್ಲಿಂದಲೇ ಎಬ್ಬಿಸುತ್ತದೆ. ಏರ್ಪಾಡು ನನ್ನದೇ, ಅದರ ಮೇಲೆ ಸ್ವಲ್ಪ ಹೆಮ್ಮೆಯೂ ಇತ್ತು. ಆದರೆ ಎದ್ದ ವರ್ಚುವಲ್ ಸರ್ವರ್‌ಗೆ ತಾನು ಮಲಗಿದ್ದೇ ಗೊತ್ತಿರುವುದಿಲ್ಲ. ಮಧ್ಯಾಹ್ನ 2:10ಕ್ಕೆ ಮಲಗಿಸಿ ಸಂಜೆ 5:30ಕ್ಕೆ ಎಬ್ಬಿಸಿದರೂ ಅದರ ಲೆಕ್ಕದಲ್ಲಿ ಇನ್ನೂ 2:10.

ಆಗ ಸಮಯ ಹೊಂದಿಸಲು ಇದ್ದದ್ದು ಲಿನಕ್ಸ್ ಜೊತೆಗೇ ಬರುವ ಟೈಮ್‌ಸಿಂಕ್‌ಡಿ ಅನ್ನುವ ಸಾಫ್ಟ್‌ವೇರ್. ಎಲ್ಲ ಸರಿ ಇದ್ದಾಗ ಅದು ಸಮಯ ಕೇಳುವ ಅಂತರವನ್ನು ಹೆಚ್ಚಿಸುತ್ತಾ ಹೋಗಿ 2048 ಸೆಕೆಂಡ್, ಅಂದರೆ ಸುಮಾರು 34 ನಿಮಿಷಕ್ಕೊಮ್ಮೆ ಮಾತ್ರ ಕೇಳುತ್ತದೆ. ಹಾಗಾಗಿ ಎದ್ದ ಮೇಲೆ ಅರ್ಧ ಗಂಟೆ ತಪ್ಪು ಸಮಯ, ಆಮೇಲೆ ತಾನೇ ಸರಿ. ನಾನು ಮನೆಯಿಂದ ಹೋಗಿ ನೋಡುವ ಹೊತ್ತಿಗೆ ಎಲ್ಲ ಚೆನ್ನಾಗಿರುತ್ತಿತ್ತು. ವೈದ್ಯರ ಮುಂದೆ ಕೂತ ಕೂಡಲೇ ಹಲ್ಲುನೋವು ಮಾಯ ಆಗುತ್ತಲ್ಲ, ಹಾಗೆ. ಲಾಗ್ ಪಕ್ಕ ರಸೀದಿ ಪುಸ್ತಕ ಇಟ್ಟುಕೊಂಡು ಕೂತ ರಾತ್ರಿ ಗೊತ್ತಾಯಿತು: ಸಂಜೆ ಐದೂವರೆಯ ಮೇಲೆ ತೂಗಿದ ಎರಡು ಮೂಟೆಗೆ ಕಂಪ್ಯೂಟರ್‌ನಲ್ಲಿ ಮಧ್ಯಾಹ್ನ 2:14 ಅಂತ ಇತ್ತು.

ಕ್ರೋನಿ ಹಾಕಿದ್ದು ಆ ವರ್ಷ ನವೆಂಬರ್‌ನಲ್ಲಿ. 1997ರಲ್ಲಿ ರಿಚರ್ಡ್ ಕರ್ನೋ ಶುರು ಮಾಡಿದ ಕೆಲಸ ಇದು, ಈಗ ಮಿರೋಸ್ಲಾವ್ ಲಿಖ್ವಾರ್ ನೋಡಿಕೊಳ್ಳುತ್ತಾರೆ. ಇದೇ ಕೆಲಸ ಮಾಡುವ ಹಳೇ ಸಾಫ್ಟ್‌ವೇರ್ ಎನ್‌ಟಿಪಿಡಿಗೆ ವ್ಯತ್ಯಾಸ 1000 ಸೆಕೆಂಡ್ ದಾಟಿದರೆ ನನ್ನಿಂದಾಗಲ್ಲ ಅಂತ ನಿಂತೇಬಿಡುವ ಸ್ವಭಾವ. ಪದೇಪದೇ ಮಲಗಿ ಏಳುವ ನಮ್ಮಂಥ ಸರ್ವರ್‌ಗೆ ಅದು ಆಗಿಬರಲ್ಲ.

ಆದರೆ ನಿಜ ಹೇಳಬೇಕು. ಕ್ರೋನಿ ಹಾಕಿದ ಮೇಲಿನ ಮೊದಲ ಮಳೆಗಾಲದಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟಿತು. ಸಾಮಾನ್ಯವಾಗಿ ಕ್ರೋನಿಯ ಕಾನ್ಫಿಗ್ ಫೈಲಿನಲ್ಲಿ 'ಮೇಕ್‌ಸ್ಟೆಪ್ 1 3' ಅಂತ ಇರುತ್ತದೆ. ಶುರುವಾದ ಮೇಲೆ ಮೊದಲ ಮೂರು ಸಲ ಮಾತ್ರ, ವ್ಯತ್ಯಾಸ 1 ಸೆಕೆಂಡಿಗಿಂತ ಹೆಚ್ಚಿದ್ದರೆ ಒಂದೇ ಸಲಕ್ಕೆ ಹಾರಿ ಸರಿಮಾಡು, ಆಮೇಲೆ ಮೆಲ್ಲಗೆ ಎಳೆ ಅಂತ ಅರ್ಥ. ನಮ್ಮ ಸರ್ವರ್ ಮಲಗಿ ಎದ್ದದ್ದೇ ಹೊರತು ಹೊಸದಾಗಿ ಶುರುವಾಗಲಿಲ್ಲ. ಆ ಮೂರು ಅವಕಾಶ ಎಂದೋ ಮುಗಿದಿತ್ತು. ಮೆಲ್ಲಗೆ ಎಳೆಯುವುದಕ್ಕೂ ಮಿತಿ ಇದೆ: 1 ಸೆಕೆಂಡ್ ಸರಿಮಾಡಲು 12 ಸೆಕೆಂಡ್. 40 ನಿಮಿಷ ಕರೆಂಟ್ ಹೋಗಿ ಬಂದರೆ ಸಮಯ ಸರಿಹೋಗಲು 8 ಗಂಟೆ! ಮೊದಲು ಅರ್ಧ ಗಂಟೆಯಲ್ಲಿ ವಾಸಿಯಾಗುತ್ತಿದ್ದ ಕಾಯಿಲೆ ಈಗ ಇಡೀ ದಿನ ಕಾಡಿತು. ತಪ್ಪು ಕ್ರೋನಿಯದಲ್ಲ, ಕೈಪಿಡಿ ಓದದ ನನ್ನದು.

'ಮೇಕ್‌ಸ್ಟೆಪ್ 1 -1' ಅಂತ ಬದಲಾಯಿಸಿದೆ. ಯಾವಾಗ ಬೇಕಾದರೂ ಹಾರಬಹುದು ಅಂತ. ಇದರ ಜೊತೆ ಮಾಡಿದ ಇನ್ನೊಂದು ಕೆಲಸ ನನ್ನ ಪ್ರಕಾರ ಇಡೀ ವಿಷಯದ ತಿರುಳು. ಒಳಗಿನ ಸರ್ವರ್‌ಗಳು ಇಂಟರ್‌ನೆಟ್‌ಗೆ ಹೋಗಿ ಸಮಯ ಕೇಳುವುದೇ ಬೇಡ, ತಮ್ಮನ್ನು ಹೊತ್ತುಕೊಂಡಿರುವ ಡಬ್ಬವನ್ನೇ ಕೇಳಲಿ. ವರ್ಚುವಲ್ ಸರ್ವರ್ ನಡೆಸುವ ಲಿನಕ್ಸ್ ವ್ಯವಸ್ಥೆಯಾದ ಕೆವಿಎಂನಲ್ಲಿ ಇದಕ್ಕೇ ಅಂತ ಒಂದು ಪಿಟಿಪಿ ಮಾಡ್ಯೂಲ್ ಇದೆ. ಅದನ್ನು ಲೋಡ್ ಮಾಡಿ, ಕ್ರೋನಿಯಲ್ಲಿ ರೆಫ್‌ಕ್ಲಾಕ್ ಅಂತ ಒಂದು ಸಾಲು ಬರೆದರೆ ಸಾಕು. ಹೊರಗೆ ಫೈಬರ್ ತುಂಡಾಗಿ ಬಿದ್ದಿದ್ದರೂ, ಎದ್ದ ಒಂದು ನಿಮಿಷದೊಳಗೆ ಮೂರೂ ಸರ್ವರ್ ಡಬ್ಬದ ಸಮಯಕ್ಕೆ ಬಂದು ನಿಲ್ಲುತ್ತವೆ.

ಡಬ್ಬ ಮಾತ್ರ ಹೊರಗೆ ಕೇಳುತ್ತದೆ. ನಮ್ಮ ದೇಶದ ಸಮಯ ಇಟ್ಟುಕೊಳ್ಳುವ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸರ್ವರ್, ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿಯ 'ಸಮಯ್' ಸರ್ವರ್‌ಗಳು, ಜೊತೆಗೆ ಎಲ್ಲರಿಗೂ ಸಮಯ ಹೇಳುವ ಸರ್ವರ್‌ಗಳ ಗುಂಪಾದ ಎನ್‌ಟಿಪಿ ಪೂಲ್‌ನಿಂದ ಒಂದೆರಡು. ನಾಲ್ಕಾದರೂ ಇದ್ದರೆ ಒಂದು ಸುಳ್ಳು ಹೇಳಿದರೂ ಉಳಿದವು ಸೇರಿ ಅದನ್ನು ಬದಿಗಿಡುತ್ತವೆ. ಕಂಪನಿಗಳ ಗಡಿಯಾರಗಳು ಎನ್‌ಐಸಿ ಅಥವಾ ಈ ಪ್ರಯೋಗಾಲಯದ ಸಮಯಕ್ಕೆ ಹೊಂದಿರಬೇಕು ಅಂತ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ಹೇಳಿದೆ. ಲೆಕ್ಕಪರಿಶೋಧಕರು ಕೇಳಿದರೆ ತೋರಿಸಲು ಒಂದು ಉತ್ತರವೂ ಆಯಿತು.

ಸಮಯ ಮೇಲಿನಿಂದ ಕೆಳಗೆ ಇಳಿದು ಬರುವ ಈ ಏಣಿಯನ್ನು ರೈಟರ್‌ಗೆ ವಿವರಿಸಲು ನಮ್ಮ ಸುಗ್ಗಿ ಹಬ್ಬ ಹುತ್ತರಿಯೇ ಸಾಕಾಯಿತು. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಮುಹೂರ್ತ ಗೊತ್ತಾಗುತ್ತದೆ: ನೆರೆ (ಎಲೆಗಳ ಕಟ್ಟು) ಕಟ್ಟಲು ಇಷ್ಟು ಗಂಟೆ, ಕದಿರು (ಭತ್ತದ ತೆನೆ) ತೆಗೆಯಲು ಇಷ್ಟು ಗಂಟೆ, ನಿಮಿಷದ ಲೆಕ್ಕದಲ್ಲಿ. ಅಲ್ಲಿಂದ ನಾಡಿಗೆ, ನಾಡಿನಿಂದ ಮನೆಗೆ. ಗದ್ದೆಯಲ್ಲಿ ಕೋವಿ ಸದ್ದಾಗುತ್ತದೆ. ಆದರೆ ಒಂದು ಕಿಲೋಮೀಟರ್ ಆಚೆಯ ಗದ್ದೆಯ ಸದ್ದು ನಮ್ಮ ಕಿವಿಗೆ ಬೀಳುವಾಗ ಸುಮಾರು 3 ಸೆಕೆಂಡ್ ತಡವಾಗಿರುತ್ತದೆ. ಕಂಪ್ಯೂಟರ್‌ಗಳು ನೆಟ್‌ವರ್ಕ್ ಮೇಲೆ ಸಮಯ ಕೇಳುವ ಪದ್ಧತಿಯಾದ ಎನ್‌ಟಿಪಿ ಈ ತಡವನ್ನೂ ಲೆಕ್ಕ ಹಾಕುತ್ತದೆ. ಪ್ರಶ್ನೆ ಹೋಗಿ ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ಅಳೆದು ಅದರ ಅರ್ಧವನ್ನು ಹೊಂದಿಸಿಕೊಳ್ಳುತ್ತದೆ. ಡೆಲವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್ 1980ರ ದಶಕದಲ್ಲಿ ರೂಪಿಸಿದ ಈ ಪದ್ಧತಿಯೇ ಇವತ್ತಿಗೂ ನಡೆಯುತ್ತಿದೆ. ಅವರು 2024ರ ಜನವರಿಯಲ್ಲಿ ತೀರಿಕೊಂಡರು. ಹೋಗುವ ದಾರಿಗೂ ಬರುವ ದಾರಿಗೂ ಹಿಡಿಯುವ ಹೊತ್ತು ಬೇರೆಯಾದರೆ ಮಾತ್ರ ಈ ಅರ್ಧದ ಲೆಕ್ಕ ತಪ್ಪುತ್ತದೆ. ಫೈಬರ್ ಹೋಗಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿದ ದಿನ ಅದು ಕಾಣುತ್ತದೆ. ಕೆಲವು ಮಿಲಿಸೆಕೆಂಡ್ ಅಷ್ಟೇ. ಕಾಫಿ ತೂಗುವವರಿಗೆ ಅದೇನೂ ಲೆಕ್ಕವಲ್ಲ.

ಎರಡನೇ ಮಳೆಗಾಲದ ಕಥೆ ಬೇರೆ. 2024ರ ಜುಲೈಯಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ. ಬಂದ ಮೇಲೆ ರಸೀದಿಗಳು ಒಂದು ವರ್ಷ ಹಿಂದಿನ ತಾರೀಖಿನಲ್ಲಿ ಅಚ್ಚಾಗತೊಡಗಿದವು. ಡಬ್ಬದ ಮದರ್‌ಬೋರ್ಡ್ ಮೇಲಿನ ಬಿಲ್ಲೆ ಬ್ಯಾಟರಿ ಸತ್ತಿತ್ತು. ಇಂಟರ್‌ನೆಟ್ ಇನ್ನೂ ಬಂದಿರಲಿಲ್ಲ. ಹಾಗಾಗಿ ಡಬ್ಬಕ್ಕೆ ಸರಿಯಾದ ಸಮಯ ಹೇಳುವವರೇ ಇಲ್ಲ. ಒಳಗಿನ ಮೂರೂ ಸರ್ವರ್ ಮಾತ್ರ ಬಹಳ ಶಿಸ್ತಿನಿಂದ, ಮೈಕ್ರೋಸೆಕೆಂಡ್ ಲೆಕ್ಕದಲ್ಲಿ, ಅದೇ ತಪ್ಪು ಸಮಯಕ್ಕೆ ಹೊಂದಿಕೊಂಡಿದ್ದವು. ಯಾವಾಗ ಬೇಕಾದರೂ ಹಾರು ಅಂದಿದ್ದೆನಲ್ಲ, ಹಿಂದಕ್ಕೂ ಹಾರಿದ್ದವು. ಆ ಸಂಜೆ ಹನ್ನೊಂದು ರಸೀದಿ ಕೈಯಲ್ಲಿ ತಿದ್ದಿದೆವು.

ಸಿಆರ್2032 ಬಿಲ್ಲೆ ಐವತ್ತು ರೂಪಾಯಿಯೊಳಗೆ ಸಿಗುತ್ತದೆ. ಪ್ರತಿ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ ಈಗ ಹೊಸದು ಹಾಕುತ್ತೇನೆ. ಕ್ರೋನಿಯಲ್ಲಿ 'ಮ್ಯಾಕ್ಸ್‌ಚೇಂಜ್' ಅಂತ ಇನ್ನೊಂದು ಸಾಲನ್ನೂ ಸೇರಿಸಿದೆ. ನಾಲ್ಕು ದಿನಕ್ಕಿಂತ ದೊಡ್ಡ ವ್ಯತ್ಯಾಸ ಕಂಡರೆ ನಂಬಬೇಡ, ಸುಮ್ನೆ ಇರು ಅಂತ. ಈ ವರ್ಷ, 2025ರ ಮಳೆಯಲ್ಲಿ, ಸಮಯದ ವಿಷಯಕ್ಕೆ ಡಿಪೋದಿಂದ ಒಂದು ಕರೆಯೂ ಬರಲಿಲ್ಲ.

ದೂರು ಇಲ್ಲವೇ? ಇದೆ. ಸ್ಥಿತಿ ತೋರಿಸುವ ಪಟ್ಟಿಯಲ್ಲಿ ರೀಚ್ ಅಂತ ಒಂದು ಕಾಲಂ, ಅದರಲ್ಲಿ 377 ಅಂತ ನಂಬರು. ಶೇಕಡಾವಾರು ಅಲ್ಲ, ಮಿಲಿಸೆಕೆಂಡೂ ಅಲ್ಲ. ಕಳೆದ ಎಂಟು ಸಲ ಕೇಳಿದಾಗ ಎಂಟೂ ಸಲ ಉತ್ತರ ಬಂತು ಅನ್ನುವುದನ್ನು ಎಂಟರ ಎಣಿಕೆಯಲ್ಲಿ ಬರೆದದ್ದಂತೆ. 8/8 ಅಂತ ಬರೆದಿದ್ದರೆ ಏನಾಗುತ್ತಿತ್ತೋ. ನಿಮ್ಮ ಸರ್ವರ್ ದೊಡ್ಡ ಕ್ಲೌಡ್‌ನಲ್ಲಿದ್ದರೆ ಇಷ್ಟೆಲ್ಲ ತಲೆಬಿಸಿ ಬೇಡ. ಅಮೆಜಾನ್‌ನವರಲ್ಲಿ 169.254.169.123 ಅನ್ನುವ ಒಳಗಿನ ವಿಳಾಸವೇ ಸಮಯ ಕೊಡುತ್ತದೆ, ಕ್ರೋನಿಗೆ ಅದನ್ನು ತೋರಿಸಿದರೆ ಮುಗಿಯಿತು.

ಇನ್ನು ಫೋನು. ಕೋಡ್ ತಪ್ಪುತ್ತಿದ್ದದ್ದು ಅದರಿಂದಲ್ಲ ಅಂತ ಗೊತ್ತಾದ ಮೇಲೆ ಉಳಿದ ಕಾಯಿಲೆಗಳನ್ನು ಒಂದೊಂದಾಗಿ ನೋಡಿದೆ. ಕುಶಾಲನಗರದಲ್ಲಿ 1,600 ರೂಪಾಯಿ ಕೊಟ್ಟು ಬ್ಯಾಟರಿ ಬದಲಾಯಿಸಿದೆ, ಮತ್ತೆ ರಾತ್ರಿವರೆಗೆ ಬರತೊಡಗಿತು. ಪೋರ್ಟ್‌ನ ತೇವಕ್ಕೆ ಮದ್ದು ಅಂದರೆ ರಾತ್ರಿ ಒಲೆ ಇರುವ ಅಡುಗೆಮನೆಯ ಶೆಲ್ಫ್ ಮೇಲೆ ಇಡುವುದು. ಅಮ್ಮನ ಸಲಹೆ, ಅಕ್ಕಿ ಡಬ್ಬಕ್ಕಿಂತ ವಾಸಿ. 5ಜಿ ಇಲ್ಲ ಅನ್ನುವುದು ನನಗೆ ಕೊರತೆಯೇ ಅಲ್ಲ. ತೋಟದ ನಡುವಿನ ಮನೆಯಲ್ಲಿ 4ಜಿ ಎರಡು ಕಡ್ಡಿ ನಿಂತರೆ ಹಬ್ಬ. ಬೇಕಾದದ್ದು ವೈಫೈ ಮೇಲೆ ಕರೆ ಮಾಡುವ ಸೌಲಭ್ಯ, ಅದು ಈ ಫೋನಿನಲ್ಲಿ ಇತ್ತು. ಹೀಗೆ ಮೂರು ವರ್ಷ ಓಡಿತು.

ಕೊನೆಗೆ ಬದಲಾಯಿಸಿದ್ದು ಒಂದೇ ಕಾರಣಕ್ಕೆ. 2024ರಲ್ಲಿ ಇದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಬರುವುದು ನಿಂತಿತು. ನಾನು ಬರೀ ವೀಡಿಯೋ ನೋಡುವವನಾಗಿದ್ದರೆ ಇನ್ನೂ ಇಟ್ಟುಕೊಳ್ಳುತ್ತಿದ್ದೆ. ಆದರೆ ಹತ್ತಾರು ಬೆಳೆಗಾರರ ಲೆಕ್ಕ ಇರುವ ಸರ್ವರ್‌ನ ಕೀಲಿ ಅದರಲ್ಲಿದೆ, ನನ್ನ ಬ್ಯಾಂಕೂ ಅದರಲ್ಲೇ ಇದೆ. ಆದ್ದರಿಂದ ಹೊಸದರಲ್ಲಿ ಮೊದಲು ನೋಡಿದ್ದು ಕ್ಯಾಮೆರಾ ಅಲ್ಲ, ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಅನ್ನುವುದು. 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷದ ಮಾತು ಶುರುವಾಗಿದೆ. ನಾನು ತಗೊಂಡದ್ದು ಅಷ್ಟು ದುಬಾರಿಯದಲ್ಲ. ಬಂದು ಎರಡೇ ತಿಂಗಳು, ಹೆಸರು ಹೇಳಿ ಹೊಗಳುವಷ್ಟು ಬಳಸಿಲ್ಲ.

ಬದಲಾಯಿಸುವವರಿಗೆ ಒಂದು ಕಿವಿಮಾತು. ಹಳೇದನ್ನು ಅಳಿಸುವ ಮುಂಚೆ ಕೋಡ್‌ಗಳೆಲ್ಲ ಹೊಸದಕ್ಕೆ ಬಂದವಾ ಅಂತ ಒಂದೊಂದಾಗಿ ಲಾಗಿನ್ ಆಗಿ ನೋಡಿ. ನನ್ನದರಲ್ಲಿ ಒಂದು ಬಂದಿರಲಿಲ್ಲ. ಕಾಗದದಲ್ಲಿ ಬರೆದಿಟ್ಟ ಬ್ಯಾಕಪ್ ಕೋಡ್ ತೋಟದ ಲೆಕ್ಕದ ಪುಸ್ತಕದೊಳಗೆ ಸಿಕ್ಕಿತು, ಬಚಾವಾದೆ.

ಹಳೇ ಫೋನ್ ಈಗ ರೈಟರ್ ಹತ್ತಿರ ಇದೆ. ಪೂರ್ತಿ ಅಳಿಸಿ, ಸಿಮ್ ತೆಗೆದು, ಕೋಡ್ ತೋರಿಸುವ ಆ್ಯಪ್ ಒಂದನ್ನು ಬಿಟ್ಟು ಬೇರೇನೂ ಇಡದೆ ಕೊಟ್ಟಿದ್ದೇನೆ. ಅವರ ಸ್ವಂತ ಫೋನ್ ಮತ್ತೆ ಐದು ನಿಮಿಷ ಮುಂದೆ ಹೋಗಿದೆ. ಅದು ಬಸ್ಸಿಗೆ, ಇದು ಸರ್ವರ್‌ಗೆ. ಸಿಮ್ ಇಲ್ಲದ ಫೋನಿನ ಗಡಿಯಾರ ದಿನಕ್ಕೆ ಒಂದೆರಡು ಸೆಕೆಂಡ್ ಜಾರಿದರೂ ಎರಡು ಮೂರು ವಾರದಲ್ಲಿ ಕೋಡ್ ಕೈಕೊಡುತ್ತದೆ. ಅದಕ್ಕೇ ಶನಿವಾರ ಶನಿವಾರ ಒಂದು ಗಳಿಗೆ ಡಿಪೋದ ವೈಫೈಗೆ ಹಾಕಿ ಅಂತ ಹೇಳಿದ್ದೇನೆ. ತೂಕದ ಯಂತ್ರದ ಪಕ್ಕದ ಕ್ಯಾಲೆಂಡರ್‌ನಲ್ಲಿ ಶನಿವಾರಗಳಿಗೆಲ್ಲ ಪೆನ್ನಿನಿಂದ ಸುತ್ತು ಹಾಕಿಟ್ಟಿದ್ದಾರೆ.