ತಂತಿ ತಿರುಗಿದ ಕಡೆ ಬೋರ್ ಕೊರೆಸಬೇಡಿ

ಬೇಸಿಗೆ ಬಂತು ಅಂದರೆ ಮೊಬೈಲ್‌ನಲ್ಲಿ ಆ ವಿಡಿಯೊಗಳು ಓಡಾಡುತ್ತವೆ. ಎರಡು ತಾಮ್ರದ ತಂತಿಯನ್ನು ಎಲ್ ಆಕಾರಕ್ಕೆ ಬಗ್ಗಿಸಿ, ಖಾಲಿ ಪೆನ್ನಿನ ಕೊಳವೆಗೆ ಸಿಗಿಸಿ ಹಿಡಿದು ನಡೆದರೆ, ನೀರಿರುವ ಜಾಗದಲ್ಲಿ ತಾನಾಗಿಯೇ ತಿರುಗುತ್ತದಂತೆ. ದಯವಿಟ್ಟು ಅದನ್ನು ನಂಬಿ ರಿಗ್ ಲಾರಿ ಕರೆಸಬೇಡಿ. ಚಿಂತಾಮಣಿ ಕಡೆಯ ನಮ್ಮ ಹೊಲದಲ್ಲಿ ಆದದ್ದನ್ನು ಹೇಳುತ್ತೇನೆ.

ನಮ್ಮ ತಮ್ಮ ಹಾಗೇ ತಂತಿ ಮಾಡಿಕೊಂಡ. ಹೊಂಗೆ ಮರದ ಹತ್ತಿರ ಬಂದಾಗ ಎರಡೂ ಒಂದರ ಮೇಲೊಂದು ಬಂದು ನಿಂತವು. "ಅಕ್ಕಾ ನೋಡು, ನಾನೇನೂ ಮಾಡ್ತಿಲ್ಲ, ಅದೇ ತಿರುಗ್ತಿದೆ" ಅಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಆಮೇಲೆ ಪಾಯಿಂಟ್ ಮಾಡುವವರು, ಅಂದರೆ ಬೋರ್ ಎಲ್ಲಿ ಕೊರೆಸಬೇಕು ಅಂತ ಜಾಗ ತೋರಿಸುವವರು, ಒಬ್ಬರು ಬಂದರು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಡೆದರು. ಕಾಯಿ ಎದ್ದು ನಿಂತದ್ದೂ ಅದೇ ಮರದ ಹತ್ತಿರ. ಎಲ್ಲರಿಗೂ ಧೈರ್ಯ ಬಂತು. ಆದರೆ ತಮ್ಮ ಅಲ್ಲಿ ಮೊದಲೇ ಸುಣ್ಣದ ಗುರುತು ಹಾಕಿದ್ದ, ಅದು ಅವರ ಕಣ್ಣೆದುರೇ ಇತ್ತು.

800 ಅಡಿ ಹೋದರೂ ಒದ್ದೆಯೇ ಇಲ್ಲ. ಬೂದು ಬಣ್ಣದ ಕಲ್ಲುಪುಡಿ ಹಿಟ್ಟಿನ ಹಾಗೆ ಎದ್ದು ಪಕ್ಕದ ಟೊಮೆಟೊ ಸಾಲುಗಳ ಮೇಲೆಲ್ಲ ಕೂತಿತು. "ಇನ್ನೊಂದು ನೂರಡಿ ಹೋಗಲಿ, ಸಿಕ್ಕೇ ಸಿಗುತ್ತೆ" ಅಂದರು ಆ ಪಾಯಿಂಟಿನವರು. ಆಳಕ್ಕೆ ಹೋದಷ್ಟೂ ಅಡಿಯ ದರ ಏರುತ್ತದೆ. ನೀರು ಬರಲಿ ಬಿಡಲಿ, ಬಿಲ್ ಕಟ್ಟಲೇಬೇಕು. ಅಮ್ಮನ ಸರ ಇನ್ನೂ ಬ್ಯಾಂಕಿನಲ್ಲೇ ಇದೆ.

ತಂತಿ ಯಾಕೆ ತಿರುಗುತ್ತದೆ? ಅದು ಕೊಳವೆಯಲ್ಲಿ ಸಡಿಲವಾಗಿರುತ್ತದೆ. ಮಣಿಕಟ್ಟು ಕೂದಲೆಳೆಯಷ್ಟು ವಾಲಿದರೂ ಸಾಕು. ಇಲ್ಲಿ ನೀರಿರಬಹುದು ಅಂತ ಮನಸ್ಸಿಗೆ ಅನಿಸಿದ ಕೂಡಲೇ, ನಮಗೆ ಗೊತ್ತಿಲ್ಲದೆ ಕೈ ವಾಲುತ್ತದೆ. ಇದನ್ನು ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಕಾರ್ಪೆಂಟರ್ 1852ರಲ್ಲೇ ವಿವರಿಸಿದ್ದರು. 1987-88ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ಒಂದು ಕಣಜದ ಕೆಳ ಅಂತಸ್ತಿನಲ್ಲಿ ನೀರಿನ ಪೈಪನ್ನು ಅತ್ತಿತ್ತ ಸರಿಸುತ್ತಾ, ಮೇಲಿನ ಅಂತಸ್ತಿನಲ್ಲಿ ನೀರು ನೋಡುವವರನ್ನು ನಡೆಸಿದರು. ಆರಿಸಿ ತಂದ 43 ಜನರ ಫಲಿತಾಂಶವನ್ನು ಆಮೇಲೆ ಜಿಮ್ ಎನ್‌ರೈಟ್ ಎಂಬ ವಿಜ್ಞಾನಿ ಮತ್ತೆ ಲೆಕ್ಕ ಹಾಕಿದಾಗ, ಸುಮ್ನೆ ಊಹಿಸಿದ್ದಕ್ಕಿಂತ ಜಾಸ್ತಿ ಏನೂ ಕಾಣಲಿಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬೋರ್ ಫೇಲ್ ಆದ ಮೇಲೆ ನಾವೂ ಮಾಡಿದೆವು. ತಮ್ಮನ ಕಣ್ಣಿಗೆ ಟವೆಲ್ ಕಟ್ಟಿ, ಸುತ್ತು ತಿರುಗಿಸಿ, ಕೈ ಹಿಡಿದು ನಡೆಸಿದೆವು. ಪ್ರತಿ ಸಲವೂ ತಂತಿ ಬೇರೆ ಬೇರೆ ಕಡೆ ತಿರುಗಿತು. ಹೊಂಗೆ ಮರ ದಾಟಿ ಹೋದದ್ದೇ ಅವನಿಗೆ ತಿಳಿಯಲಿಲ್ಲ.

"ನಮ್ಮೂರಲ್ಲಿ ಕಾಯಿ ನೋಡಿದವರಿಗೆ ಮೂರಿಂಚು ನೀರು ಬಿತ್ತಲ್ಲ?" ಅಂತ ಕೇಳುವವರಿದ್ದಾರೆ. ಬಿದ್ದಿರಬಹುದು. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೆಳಗೆ ಗಟ್ಟಿ ಗ್ರಾನೈಟ್, ಇಲ್ಲವೇ ನೈಸ್ (gneiss) ಎಂಬ ಪಟ್ಟೆ ಪಟ್ಟೆಯ ಗಟ್ಟಿ ಕಲ್ಲು. ನೀರಿರುವುದು ಮೇಲಿನ ಸವೆದ ಪದರದಲ್ಲಿ ಮತ್ತು ಕಲ್ಲಿನ ಬಿರುಕುಗಳಲ್ಲಿ. ಬಿರುಕು ಸಿಕ್ಕರೆ ನೀರು, ಹತ್ತಡಿ ಆಚೆಗಾದರೆ ಬರೀ ಪುಡಿ. ನೀರು ಬಿದ್ದ ಬೋರಿನ ಸುದ್ದಿ ಊರೆಲ್ಲ ಹರಡುತ್ತದೆ, ಫೇಲ್ ಆದದ್ದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಅಲ್ವಾ?

ಕೊರೆಸಲೇಬೇಕು ಅಂದರೆ ಮೊದಲು ಅಕ್ಕಪಕ್ಕದ ಬೋರುಗಳ ಆಳ ಎಷ್ಟು, ಯಾವುದು ಯಾವಾಗ ಬತ್ತಿತು ಅಂತ ವಿಚಾರಿಸಿ. ಭೂವಿಜ್ಞಾನಿಯಿಂದ ರೆಸಿಸ್ಟಿವಿಟಿ ಸರ್ವೆ ಮಾಡಿಸಿ. ನೆಲಕ್ಕೆ ನಾಲ್ಕು ಕಂಬಿ ಹೊಡೆದು, ಕರೆಂಟ್ ಹರಿಸಿ, ನೆಲ ಅದನ್ನು ಎಷ್ಟು ತಡೆಯುತ್ತದೆ ಅಂತ ಅಳೆಯುತ್ತಾರೆ. ಅದರಲ್ಲೂ ಗ್ಯಾರಂಟಿ ಇಲ್ಲ. ಆದರೆ ಎಷ್ಟು ಆಳಕ್ಕೆ ನಿಲ್ಲಿಸಬೇಕು ಅಂತ ಹಣ ಕೊಡುವ ಮೊದಲೇ ಯೋಚಿಸಲು ಒಂದು ಆಧಾರ ಸಿಗುತ್ತದೆ.

ಇನ್ನೊಂದು ಮಾತು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ತೆರೆದ ಬೋರಿಗೆ ಬಿದ್ದ ಪುಟ್ಟ ಮಗುವನ್ನು ಹೊರಗೆ ತೆಗೆಯಲು ಸುಮಾರು 20 ಗಂಟೆ ಬೇಕಾಯಿತು. ಬೋರ್ ಫೇಲ್ ಆದರೆ ಲಾರಿ ಹೊಲ ಬಿಡುವ ಮೊದಲೇ ಬಾಯಿಗೆ ಕಬ್ಬಿಣದ ಮುಚ್ಚಳ ಬೆಸೆಸಿ. ನಾಳೆ ಮಾಡೋಣ ಅನ್ನಬೇಡಿ.