ಕಿಟ್ ಜೊತೆ ಬಂದ ಕಾರ್ಡ್‌ನಲ್ಲಿ ಜುಪಿಟರ್ ಇದ್ದರೆ ಮೊದಲು ಇದನ್ನು ನೋಡಿ

ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಜೊತೆಗೆ ಎಲ್ಲ ಸಾಫ್ಟ್‌ವೇರ್ ತುಂಬಿದ ಮೆಮೊರಿ ಕಾರ್ಡ್ ಕೊಡುವ ಅಂಗಡಿಗಳಿವೆ. ಅಂಥ ಕಾರ್ಡ್ ನಿಮ್ಮ ಹತ್ತಿರ ಇದ್ದರೆ ಹಾಸ್ಟೆಲ್, ಪಿಜಿ, ಕಾಲೇಜಿನ ವೈಫೈಗೆ ಸೇರಿಸುವ ಮೊದಲು ಸ್ವಲ್ಪ ತಡೆಯಿರಿ.

ನನ್ನದು ಪೈ 4. ಪವರ್ ಬ್ಯಾಂಕ್‌ಗೆ ಸಿಕ್ಕಿಸಿ ಎಲ್ಲಿಗೆ ಬೇಕಾದರೂ ಒಯ್ಯುತ್ತಿದ್ದೆ. ಆನ್ ಆದ ಕೂಡಲೇ ಜುಪಿಟರ್ ಎಂಬ ಪ್ರೋಗ್ರಾಂ ತಾನಾಗಿ ಶುರು. ಅದರಿಂದ ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲೇ ಪೈಥಾನ್ ಕೋಡ್ ಬರೆದು ಅಲ್ಲೇ ಓಡಿಸಿ ನೋಡಬಹುದಿತ್ತು. ಪಾಸ್‌ವರ್ಡ್ ಕೇಳುತ್ತಿರಲಿಲ್ಲ. ಹುಡುಗರಿಗೆ ಸುಲಭವಾಗಲಿ ಅಂತ ತೆಗೆದಿದ್ದೇವೆ ಎಂದರು ಅಂಗಡಿಯವರು.

ಹಾಸ್ಟೆಲ್ ವೈಫೈಗೆ ಹಾಕಿದ ಮೇಲೆ ಪೈ ಮುಟ್ಟಲಾಗದಷ್ಟು ಬಿಸಿಯಾಗತೊಡಗಿತು. ಏನೇನು ಓಡುತ್ತಿದೆ ಎಂದು ತೋರಿಸುವ ಟಾಪ್ ಕಮಾಂಡ್ ಕೊಟ್ಟರೆ ಪ್ರೊಸೆಸರಿನ ನಾಲ್ಕೂ ಕೋರ್ ಭರ್ತಿ. ನಾನು ಹಾಕದ ಒಂದು ಪ್ರೋಗ್ರಾಂ ಓಡುತ್ತಿತ್ತು. ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಹಾಜರ್, ಹೊತ್ತುಹೊತ್ತಿಗೆ ಪ್ರೋಗ್ರಾಂ ತಾನಾಗಿ ಓಡಿಸುವ ಪಟ್ಟಿಯಾದ ಕ್ರಾನ್‌ಟ್ಯಾಬ್‌ನಲ್ಲಿ ಅದಕ್ಕೊಂದು ಸಾಲು ಸೇರಿಸಿದ್ದರು. ಯಾರೋ ನನ್ನ ಪೈನಲ್ಲಿ ಕ್ರಿಪ್ಟೊ ಮೈನಿಂಗ್, ಅಂದರೆ ಅದರ ಶಕ್ತಿ ಬಳಸಿ ಡಿಜಿಟಲ್ ನಾಣ್ಯ ಗಳಿಸುವ ಕೆಲಸ, ಮಾಡುತ್ತಿದ್ದರು.

ಜುಪಿಟರ್ ಅಂದರೆ ಬರೀ ನೋಟ್‌ಬುಕ್ ಅಲ್ಲ, ಅದರೊಳಗೇ ಯಂತ್ರಕ್ಕೆ ನೇರ ಕಮಾಂಡ್ ಕೊಡುವ ಟರ್ಮಿನಲ್ ಇದೆ. ನನ್ನ ಕಾರ್ಡ್‌ನಲ್ಲಿ ಪೂರ್ತಿ ಅಧಿಕಾರ ಕೊಡುವ ಸುಡೋ ಕಮಾಂಡ್ ಕೂಡ ಪಾಸ್‌ವರ್ಡ್ ಕೇಳುತ್ತಿರಲಿಲ್ಲ. ಅಂದಮೇಲೆ ಅದೇ ವೈಫೈನಲ್ಲಿ ಬ್ರೌಸರ್ ತೆರೆದವರಿಗೆಲ್ಲ ಇಡೀ ಯಂತ್ರವೇ ಕೈಗೆ ಸಿಕ್ಕಂತೆ, ಅಲ್ವಾ? ಮೈನಿಂಗ್ ಹೋಗಲಿ, ಅದರಲ್ಲಿದ್ದ ನನ್ನ ಗಿಟ್ ಟೋಕನ್ (ಕೋಡ್ ಇಡುವ ಖಾತೆಯ ಗುಟ್ಟಿನ ಸಂಕೇತ), ಎಸ್‌ಎಸ್‌ಎಚ್ ಕೀ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಹೋಗುವ ಕೀಲಿ), ಮನೆಯ ವೈಫೈ ಪಾಸ್‌ವರ್ಡ್ ನೆನೆದು ಹೊಟ್ಟೆ ಉರಿಯಿತು. ಎಲ್ಲವನ್ನೂ ಬದಲಿಸಬೇಕಾಯಿತು.

ಇದು ಜುಪಿಟರ್‌ನ ದೋಷವಲ್ಲ. 2016ರ 4.3 ಆವೃತ್ತಿಯಿಂದ ಅದು ತಾನಾಗಿಯೇ ಟೋಕನ್, ಅಂದರೆ ಪಾಸ್‌ವರ್ಡ್‌ನಂಥ ಸಂಕೇತ, ಕೇಳುತ್ತದೆ, ಹೊರಗಿನ ಸಂಪರ್ಕವನ್ನೂ ಸುಮ್ನೆ ಒಪ್ಪುವುದಿಲ್ಲ. ಕಾರ್ಡ್ ತಯಾರಿಸಿದವರು ಬೇಕೆಂದೇ ಎರಡನ್ನೂ ತೆಗೆದಿದ್ದರು. ಅದನ್ನು ದುಡ್ಡಿಗೆ ಮಾರಿದ್ದು ನನಗೆ ಜಾಸ್ತಿ ಸಿಟ್ಟು ತರಿಸಿದ ವಿಷಯ.

ಪರೀಕ್ಷೆ ಸುಲಭ. ಮನೆಯ ವೈಫೈನಲ್ಲಿ ಫೋನಿನ ಬ್ರೌಸರ್ ತೆರೆದು ಪೈನ ಐಪಿ ವಿಳಾಸ, ಆಮೇಲೆ ಕೋಲನ್, 8888 ಹಾಕಿ. ಏನೂ ಕೇಳದೆ ಫೈಲುಗಳ ಪಟ್ಟಿ ಬಂದರೆ ಬಾಗಿಲು ತೆರೆದಿದೆ. ಜುಪಿಟರ್‌ನ ಸೆಟ್ಟಿಂಗ್ಸ್ ಫೈಲಿನಲ್ಲಿ ಐಪಿ ಎದುರು 0.0.0.0 (ಹೊರಗಿನವರೂ ಬರಬಹುದು ಎಂದರ್ಥ) ಇದ್ದು ಟೋಕನ್, ಪಾಸ್‌ವರ್ಡ್ ಎರಡನ್ನೂ ಖಾಲಿ ಬಿಟ್ಟಿದ್ದರೂ ಅದೇ ಕಥೆ. ಐಪಿಯನ್ನು 127.0.0.1 (ಪೈ ಒಳಗಿನಿಂದ ಮಾತ್ರ) ಮಾಡಿ, ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಟನಲ್ ಎಂಬ ಸುರಕ್ಷಿತ ದಾರಿಯ ಮೂಲಕ ಬನ್ನಿ.

ಆಗಲೇ ಬೇರೆಯವರ ವೈಫೈಗೆ ಹಾಕಿ ಬಳಸಿದ್ದರೆ ಸೆಟ್ಟಿಂಗ್ ಸರಿಮಾಡಿದರೆ ಸಾಲದು. ಒಳಗೆ ಏನು ಬಿಟ್ಟು ಹೋಗಿದ್ದಾರೋ ಹುಡುಕಿ ಮುಗಿಯುವುದಿಲ್ಲ. ಕಾರ್ಡ್ ಪೂರ್ತಿ ಅಳಿಸಿ, ರಾಸ್‌ಬೆರಿ ಪೈನವರದೇ ಕಾರ್ಡ್ ಬರೆಯುವ ಸಾಫ್ಟ್‌ವೇರ್ ಆದ ಇಮೇಜರ್‌ನಿಂದ ಹೊಸದಾಗಿ ಬರೆಯಿರಿ. ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರಿನಿಂದ ಬದಲಿಸಿ.